ತೋಳಲ್ಲಿ ಇಂಪ್ಲಾಂಟ್ ಇದ್ದಾಗ ಮದ್ಯ ಕುಡಿಯಬಹುದೇ? ಹಾಕಿಸುವ ಮುಂಚಿನಿಂದ ತೆಗೆಸುವವರೆಗೆ ಗಮನಿಸಬೇಕಾದ್ದು

"ತೋಳಿಗೆ ಇಂಪ್ಲಾಂಟ್ ಹಾಕಿಸಿದ್ದೇನೆ, ನಿನ್ನೆ ರಾತ್ರಿ ಎರಡು ಪೆಗ್ ಆಯಿತು, ವಾಂತಿಯೂ ಆಯಿತು. ಈಗ ಗರ್ಭ ನಿಲ್ಲುತ್ತದಾ?" ಒಂದಲ್ಲ ಒಂದು ರೂಪದಲ್ಲಿ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಮದ್ಯದಿಂದ ಇಂಪ್ಲಾಂಟ್‌ನ, ಅಂದರೆ ಗರ್ಭ ನಿಲ್ಲದಂತೆ ತೋಳಿನ ಚರ್ಮದಡಿ ಇಡುವ ಹಾರ್ಮೋನ್ ಕಡ್ಡಿಯ, ಶಕ್ತಿ ಕುಗ್ಗುವುದಿಲ್ಲ. ಎರಡು ಪೆಗ್‌ಗೂ ಕುಗ್ಗುವುದಿಲ್ಲ, ಐದಕ್ಕೂ ಇಲ್ಲ, ವಾಂತಿಯಾದರೂ ಇಲ್ಲ.

ಹಾಗಂತ ವಿಷಯ ಅಲ್ಲಿಗೇ ಮುಗಿಯಲಿಲ್ಲ. ತೊಂದರೆ ಬರುವುದು ಮದ್ಯದ ಅಕ್ಕಪಕ್ಕದಿಂದ: ಅದರ ಜೊತೆ ನುಂಗುವ ಮಾತ್ರೆಗಳಿಂದ, ಮೊದಲೇ ಸೋತಿರುವ ಲಿವರ್‌ನಿಂದ, ಕುಡಿತ ಬಿಡಿಸಲು ಕೊಡುವ ಕೆಲವು ಔಷಧಿಗಳಿಂದ. ಇದನ್ನು ಬಿಡಿಸಿ ಹೇಳುವವರು ಕಡಿಮೆ. ಹೆಂಗಸರು ಕುಡಿಯುವ ವಿಷಯ ಡಾಕ್ಟರ ಮುಂದೆ ಬಾಯಿ ಬಿಡುವುದೂ ಕಡಿಮೆ. ಆ ಮೌನದಿಂದ ಆಗುವ ನಷ್ಟ ದೊಡ್ಡದು.

ಮೊದಲು, ಕಡ್ಡಿ ಒಳಗೆ ಏನು ಮಾಡುತ್ತದೆ

ನಮ್ಮಲ್ಲಿ ಈಗ ಸಿಗುವ ಒಂಟಿ ಕಡ್ಡಿಯ ಇಂಪ್ಲಾಂಟ್, ಅಂದರೆ ಇಂಪ್ಲನಾನ್ ಎನ್ಎಕ್ಸ್‌ಟಿ, 4 ಸೆಂಟಿಮೀಟರ್ ಉದ್ದ, 2 ಮಿಲಿಮೀಟರ್ ದಪ್ಪ. ಹೆಚ್ಚುಕಡಿಮೆ ಒಂದು ಬೆಂಕಿಕಡ್ಡಿಯಷ್ಟು. ಬಾಗುವ ಪ್ಲಾಸ್ಟಿಕ್ಕಿನೊಳಗೆ 68 ಮಿಲಿಗ್ರಾಂ ಎಟೊನೊಜೆಸ್ಟ್ರೆಲ್ ಇರುತ್ತದೆ. ಇದು ಪ್ರೊಜೆಸ್ಟಿನ್ ಗುಂಪಿನ ಹಾರ್ಮೋನ್, ಎಂದರೆ ಹೆಣ್ಣಿನ ದೇಹದಲ್ಲೇ ತಯಾರಾಗುವ ಪ್ರೊಜೆಸ್ಟರಾನನ್ನು ಹೋಲುವ ವಸ್ತು. ಕೇಂದ್ರ ಸರ್ಕಾರದ ಕುಟುಂಬ ಯೋಜನೆ ಕಾರ್ಯಕ್ರಮಕ್ಕೆ ಇದು 2023ರಿಂದ ಹಂತಹಂತವಾಗಿ ಬರುತ್ತಿದೆ. ಎಲ್ಲ ಜಿಲ್ಲೆಗೂ ಇನ್ನೂ ತಲುಪಿಲ್ಲವಾದ್ದರಿಂದ, ನಿಮ್ಮ ಊರಲ್ಲಿ ಸಿಗುತ್ತದೆಯೇ ಎಂದು ಆಶಾ ಕಾರ್ಯಕರ್ತೆಯನ್ನೋ ಜಿಲ್ಲಾಸ್ಪತ್ರೆಯನ್ನೋ ಕೇಳಿ.

ಕಡ್ಡಿಯಿಂದ ಹಾರ್ಮೋನ್ ದಿನವೂ ಮೈಕ್ರೊಗ್ರಾಂ ಲೆಕ್ಕದಲ್ಲಿ ಒಸರುತ್ತದೆ. ಹಾಕಿಸಿದ ಐದಾರನೇ ವಾರದಲ್ಲಿ ದಿನಕ್ಕೆ 60ರಿಂದ 70 ಮೈಕ್ರೊಗ್ರಾಂ ಇದ್ದದ್ದು ಮೂರನೇ ವರ್ಷದ ಕೊನೆಗೆ 25ರಿಂದ 30ಕ್ಕೆ ಇಳಿಯುತ್ತದೆ. ಇಷ್ಟರಿಂದಲೇ ಅಂಡಾಣು ಬಿಡುಗಡೆಯಾಗುವುದು ನಿಲ್ಲುತ್ತದೆ, ಗರ್ಭಕೋಶದ ಬಾಯಿಯ ಲೋಳೆ ಗಟ್ಟಿಯಾಗಿ ವೀರ್ಯಾಣುವಿಗೆ ದಾರಿ ಸಿಗದಂತಾಗುತ್ತದೆ.

ಈ ಹಾರ್ಮೋನ್ ಹೊಟ್ಟೆಯ ಮೂಲಕ ಹೋಗುವುದಿಲ್ಲ, ತೋಳಿನ ಚರ್ಮದಡಿಯಿಂದ ನೇರವಾಗಿ ರಕ್ತಕ್ಕೆ ಸೇರುತ್ತದೆ. ಗರ್ಭನಿರೋಧಕ ಮಾತ್ರೆ ನುಂಗಿ ಎರಡು ಗಂಟೆಯೊಳಗೆ ವಾಂತಿಯಾದರೆ ಮಾತ್ರೆಯೂ ಹೊರಗೆ ಹೋಯಿತೆಂದೇ ಲೆಕ್ಕ. ಕುಡಿದು ಮಲಗಿ ಮಾತ್ರೆ ಮರೆತರೂ ಅಷ್ಟೇ. ಇಂಪ್ಲಾಂಟ್‌ಗೆ ಈ ಎರಡೂ ಭಯವಿಲ್ಲ. ಇನ್ನು ಲಿವರ್‌ನಲ್ಲಿ ಮದ್ಯವನ್ನು ಕರಗಿಸುವ ಮುಖ್ಯ ಕಿಣ್ವಗಳು ಬೇರೆ, ಎಟೊನೊಜೆಸ್ಟ್ರೆಲನ್ನು ಕರಗಿಸುವ ಕಿಣ್ವ ಬೇರೆ. ಕಿಣ್ವವೆಂದರೆ ದೇಹದೊಳಗೆ ವಸ್ತುಗಳನ್ನು ಒಡೆಯುವ ಪ್ರೋಟೀನ್. ಎರಡನೆಯದರ ಹೆಸರು ಸಿವೈಪಿ3ಎ4. ಈ ಹೆಸರನ್ನು ನೆನಪಿಟ್ಟುಕೊಳ್ಳಿ, 5ನೇ ಹಂತದಲ್ಲಿ ಮತ್ತೆ ಬರುತ್ತದೆ.

1. ನಿಮ್ಮ ಕುಡಿತದ ನಿಜವಾದ ಲೆಕ್ಕ ಬರೆದಿಡಿ

"ಅಪರೂಪಕ್ಕೆ ಸ್ವಲ್ಪ" ಎಂದರೆ ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ. ಗ್ರಾಂನಲ್ಲಿ ಲೆಕ್ಕ ಹಾಕಿ. ಲೇಬಲ್ ಮೇಲಿನ ಶೇಕಡಾವಾರನ್ನು ಮಿಲಿಲೀಟರ್‌ನಿಂದ ಗುಣಿಸಿ 100ರಿಂದ ಭಾಗಿಸಿ, ಬಂದದ್ದನ್ನು 0.8ರಿಂದ ಗುಣಿಸಿದರೆ ಶುದ್ಧ ಮದ್ಯಸಾರ ಎಷ್ಟು ಗ್ರಾಂ ಎಂದು ಸಿಗುತ್ತದೆ. ನಮ್ಮಲ್ಲಿ ಮಾರುವ ವಿಸ್ಕಿ, ರಮ್, ಬ್ರಾಂದಿಗಳಲ್ಲಿ ಸಾಮಾನ್ಯವಾಗಿ 42.8 ಶೇಕಡಾ ಇರುತ್ತದೆ.

- 30 ಮಿ.ಲೀ. ಪೆಗ್: ಸುಮಾರು 10 ಗ್ರಾಂ
- ಒಂದು ನೈಂಟಿ, ಅಂದರೆ 90 ಮಿ.ಲೀ.: ಸುಮಾರು 30 ಗ್ರಾಂ
- ಒಂದು ಕ್ವಾರ್ಟರ್, 180 ಮಿ.ಲೀ.: ಸುಮಾರು 60 ಗ್ರಾಂ
- 650 ಮಿ.ಲೀ. ಬಿಯರ್, 5 ಶೇಕಡಾದ್ದು: ಸುಮಾರು 26 ಗ್ರಾಂ
- ಅದೇ ಬಾಟಲಿ, 8 ಶೇಕಡಾದ ಸ್ಟ್ರಾಂಗ್: ಸುಮಾರು 42 ಗ್ರಾಂ
- 150 ಮಿ.ಲೀ. ವೈನ್, 12 ಶೇಕಡಾದ್ದು: ಸುಮಾರು 14 ಗ್ರಾಂ

"ನಾನು ಬರೀ ಬಿಯರ್" ಎನ್ನುವವರು ಐದನೇ ಸಾಲನ್ನು ಇನ್ನೊಮ್ಮೆ ನೋಡಬೇಕು. ಒಂದು ಸ್ಟ್ರಾಂಗ್ ಬಾಟಲಿ ಎಂದರೆ ನಾಲ್ಕು ಪೆಗ್. ಅಷ್ಟೇ ಕುಡಿದ, ಅಷ್ಟೇ ತೂಕದ ಗಂಡಸಿಗಿಂತ ಹೆಣ್ಣಿನ ರಕ್ತದಲ್ಲಿ ಮದ್ಯದ ಪ್ರಮಾಣ ಹೆಚ್ಚಿರುತ್ತದೆ, ಏಕೆಂದರೆ ಹೆಣ್ಣಿನ ದೇಹದಲ್ಲಿ ನೀರಿನ ಪಾಲು ಕಡಿಮೆ. ಇದಕ್ಕೂ ಇಂಪ್ಲಾಂಟ್‌ಗೂ ಸಂಬಂಧವಿಲ್ಲ, ಮೊದಲಿಂದಲೂ ಹಾಗೆಯೇ. ಎರಡು ಗಂಟೆಯ ಆಸುಪಾಸಿನಲ್ಲಿ 56 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಕುಡಿದರೆ ಹೆಣ್ಣುಮಕ್ಕಳ ಮಟ್ಟಿಗೆ ಅದು ಅತಿಯಾದ ಕುಡಿತ. ಒಂದು ಕ್ವಾರ್ಟರ್ ಆ ಗೆರೆ ದಾಟಿಬಿಡುತ್ತದೆ.

2. ಡಾಕ್ಟರಿಗೆ ಮುಚ್ಚಿಡದೆ ಹೇಳಿ

ಕುಡಿಯುತ್ತೀರಿ ಎಂಬ ಕಾರಣಕ್ಕೆ ಇಂಪ್ಲಾಂಟ್ ನಿರಾಕರಿಸಬೇಕಾಗಿಲ್ಲ. ಆದರೆ ಲಿವರ್‌ಗೆ ಗಂಭೀರ ಹಾನಿಯಾಗಿದ್ದರೆ ಪರಿಸ್ಥಿತಿ ಬೇರೆ. ಸಿರೋಸಿಸ್, ಅಂದರೆ ಲಿವರ್ ಗಟ್ಟಿಯಾಗಿ ಗಂಟುಗಂಟಾಗುವ ಕಾಯಿಲೆ, ಮುಂದುವರಿದ ಹಂತದಲ್ಲಿದ್ದರೆ, ಅಥವಾ ಲಿವರ್‌ನಲ್ಲಿ ಗಡ್ಡೆ ಇದ್ದರೆ, ಸಾಮಾನ್ಯವಾಗಿ ಹಾರ್ಮೋನ್ ಇಲ್ಲದ ಕಾಪರ್-ಟಿಯಂಥ ವಿಧಾನದ ಕಡೆ ಹೋಗುತ್ತಾರೆ.

ಹೀಗಾಗಿ ಈ ಐದನ್ನು ಹೇಳಿ: ವಾರಕ್ಕೆ ಎಷ್ಟು ಗ್ರಾಂ, ಎಷ್ಟು ವರ್ಷದಿಂದ, ಯಾವಾಗಲಾದರೂ ಕಾಮಾಲೆ ಆಗಿತ್ತೇ, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿ, ನಾಟಿ ಮದ್ದೂ ಸೇರಿ, ಕಾರಣ ತಿಳಿಯದ ರಕ್ತಸ್ರಾವ ಇದೆಯೇ. ಸ್ತನ ಕ್ಯಾನ್ಸರ್ ಇದ್ದವರು, ಹಿಂದೆ ಆಗಿದ್ದವರು ಅದನ್ನೂ ಹೇಳಲೇಬೇಕು, ಅವರಿಗೆ ಇಂಪ್ಲಾಂಟ್ ಸಲ್ಲದು. ದಿನವೂ ಕುಡಿಯುವವರು ಎಲ್‌ಎಫ್‌ಟಿ ಮಾಡಿಸಬೇಕೇ ಎಂದು ತಾವೇ ಕೇಳಬಹುದು. ಅದು ಲಿವರ್ ಹೇಗಿದೆ ಎಂದು ತೋರಿಸುವ ಒಂದು ಸರಳ ರಕ್ತಪರೀಕ್ಷೆ.

ಜೊತೆಯಲ್ಲಿ ಅತ್ತೆಯೋ ಗಂಡನೋ ಕೂತಿದ್ದು ಬಾಯಿ ಬರದಿದ್ದರೆ, "ಡಾಕ್ಟ್ರೇ, ಎರಡು ನಿಮಿಷ ಒಬ್ಬಳೇ ಮಾತಾಡಬೇಕಿತ್ತು" ಎನ್ನಿ. ಈ ಮಾತು ಅವರಿಗೆ ಹೊಸದೇನಲ್ಲ.

3. ಹಾಕಿಸುವ ದಿನ

ಹಿಂದಿನ ರಾತ್ರಿ ಮತ್ತು ಆ ದಿನ ಕುಡಿಯಬೇಡಿ. ಅಮಲಿನಲ್ಲಿ ಹೋದರೆ ವಾಪಸ್ ಕಳಿಸಬಹುದು, ಕಳಿಸುವುದೇ ಸರಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ತಲೆ ತಿಳಿಯಾಗಿರಬೇಕು.

ಇಲ್ಲೊಂದು ಮುಖ್ಯವಾದ ಎಚ್ಚರಿಕೆ. ದಿನವೂ ಹೆಚ್ಚು ಕುಡಿಯುವ ಅಭ್ಯಾಸವಿದ್ದು, ಬೆಳಗ್ಗೆ ಕುಡಿಯದಿದ್ದರೆ ಕೈ ನಡುಗುವುದು, ಬೆವರುವುದು ಆಗುತ್ತಿದ್ದರೆ ಒಮ್ಮೆಗೇ ನಿಲ್ಲಿಸಬೇಡಿ. ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಅಂಥವರು ಮೊದಲು ಕುಡಿತ ಬಿಡುವ ಬಗ್ಗೆ ಡಾಕ್ಟರ ಸಲಹೆ ಪಡೆದು, ಇಂಪ್ಲಾಂಟ್ ದಿನವನ್ನು ಅದಕ್ಕೆ ಹೊಂದಿಸಿಕೊಳ್ಳಲಿ.

ಕೆಲಸ ಕೆಲವೇ ನಿಮಿಷದ್ದು. ಹೆಚ್ಚು ಬಳಸದ ಕೈಯ ಮೇಲ್ತೋಳಿನ ಒಳಬದಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸೂಜಿಯಿರುವ ಉಪಕರಣದಿಂದ ಕಡ್ಡಿಯನ್ನು ಚರ್ಮದ ಕೆಳಗೇ ಸೇರಿಸುತ್ತಾರೆ. ಹೊಲಿಗೆ ಬೇಡ. ಬಿಗಿ ಪಟ್ಟಿಯನ್ನು 24 ಗಂಟೆಯ ನಂತರ ತೆಗೆಯಬಹುದು, ಒಳಗಿನ ಸಣ್ಣ ಪಟ್ಟಿ 3ರಿಂದ 5 ದಿನ ಇರಲಿ, ಒದ್ದೆಯಾಗದಂತೆ ನೋಡಿಕೊಳ್ಳಿ. ತೋಳು ನೀಲಿಗಟ್ಟುವುದು ಸಾಮಾನ್ಯ. ಆ 24 ಗಂಟೆಯೂ ಮದ್ಯ ಬೇಡ. ರಕ್ತ ಹೆಪ್ಪುಗಟ್ಟುವಿಕೆ ತುಸು ನಿಧಾನವಾಗಿ ನೀಲಿ ಜಾಸ್ತಿ ಹರಡಬಹುದು, ಕುಡಿದ ಅಮಲಿನಲ್ಲಿ ಪಟ್ಟಿ ಕಿತ್ತುಕೊಳ್ಳುವುದೂ ತೋಳಿನ ಮೇಲೆ ಬೀಳುವುದೂ ನಡೆಯುವಂಥದ್ದೇ.

ಆಸ್ಪತ್ರೆ ಬಿಡುವ ಮುನ್ನ ಕಡ್ಡಿಯನ್ನು ಮುಟ್ಟಿ ನೋಡಿ. ಇನ್ನೊಂದು ಕೈಯ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಮೆಲ್ಲಗೆ ಹಿಡಿದರೆ ಎರಡೂ ತುದಿ ಸಿಗಬೇಕು. ಸಿಗದಿದ್ದರೆ ಅಲ್ಲೇ ಹೇಳಿ. ಈ ಕಡ್ಡಿ ಎಕ್ಸ್-ರೇಯಲ್ಲಿ ಕಾಣುತ್ತದೆ, ಇದೆಯೋ ಇಲ್ಲವೋ ಖಚಿತಪಡಿಸಿಕೊಳ್ಳಬಹುದು. ಖಚಿತವಾಗುವವರೆಗೆ ಕಾಂಡೋಮ್ ಬಳಸಬೇಕು.

4. ಮೊದಲ ಏಳು ದಿನ

ಮುಟ್ಟು ಶುರುವಾದ 1ರಿಂದ 5ನೇ ದಿನದೊಳಗೆ ಹಾಕಿಸಿದ್ದರೆ ಅಂದಿನಿಂದಲೇ ರಕ್ಷಣೆ. ಬೇರೆ ಯಾವ ದಿನ ಹಾಕಿಸಿದ್ದರೂ ಏಳು ದಿನ ಕಾಂಡೋಮ್ ಬೇಕು. "ಕುಡಿದಿದ್ದಕ್ಕೇ ಇಂಪ್ಲಾಂಟ್ ಕೈಕೊಟ್ಟಿತು" ಎಂದು ಯಾರಾದರೂ ಹೇಳಿದರೆ ಮೊದಲು ಈ ವಾರವನ್ನೇ ನೋಡಬೇಕು. ರಕ್ಷಣೆ ಇನ್ನೂ ಶುರುವಾಗಿರದ ದಿನಗಳಲ್ಲಿ, ಕುಡಿದ ರಾತ್ರಿ ಕಾಂಡೋಮ್ ಮರೆತಿರುತ್ತದೆ. ಆ ವಾರ ಪಾರ್ಟಿ ಇದ್ದರೆ ಮನೆಯಿಂದ ಹೊರಡುವ ಮೊದಲೇ ಕಾಂಡೋಮ್ ಬ್ಯಾಗಿಗೆ ಹಾಕಿಕೊಳ್ಳಿ.

ಹಾಗೆ ಮರೆತಿದ್ದರೆ 72 ಗಂಟೆಯೊಳಗೆ ಲೆವೊನೊಜೆಸ್ಟ್ರೆಲ್ 1.5 ಮಿಲಿಗ್ರಾಂನ ತುರ್ತು ಮಾತ್ರೆ ಸಿಗುತ್ತದೆ. ಬೇಗ ತೆಗೆದುಕೊಂಡಷ್ಟೂ ಒಳ್ಳೆಯದು. ಇದು ಹೊಟ್ಟೆಯ ಮೂಲಕವೇ ಹೋಗುವ ಮಾತ್ರೆ. ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ತೆಗೆದುಕೊಳ್ಳಬೇಕು. ಹೊಟ್ಟೆ ತೊಳಸುತ್ತಿದ್ದರೆ ಮೊದಲು ಏನಾದರೂ ತಿಂದು ನುಂಗಿ.

5. ಯಾವ ಮಾತ್ರೆಯ ಜೊತೆ ಏನಾಗುತ್ತದೆ

ಇಡೀ ಲೇಖನದಲ್ಲಿ ಒಂದೇ ಭಾಗ ಓದಲು ಪುರುಸೊತ್ತಿದ್ದರೆ ಇದನ್ನೇ ಓದಿ.

ಸಿವೈಪಿ3ಎ4 ಕಿಣ್ವವನ್ನು ಕೆರಳಿಸುವ ಕೆಲವು ಔಷಧಿಗಳಿವೆ. ಕಿಣ್ವ ಹೆಚ್ಚಾದರೆ ಹಾರ್ಮೋನ್ ಬೇಗ ಕರಗಿಹೋಗುತ್ತದೆ, ರಕ್ತದಲ್ಲಿ ಅದರ ಮಟ್ಟ ಇಳಿಯುತ್ತದೆ, ಅಂಡಾಣು ಮತ್ತೆ ಬಿಡುಗಡೆಯಾಗಬಹುದು. ಮದ್ಯ ಮಾಡುವುದಿಲ್ಲ ಎಂದೆವಲ್ಲ, ಆ ಕೆಲಸವನ್ನು ಇವು ಮಾಡುತ್ತವೆ:

- ಟಿಬಿಗೆ ಕೊಡುವ ರಿಫಾಂಪಿಸಿನ್
- ಫಿಟ್ಸ್‌ಗೆ ಕೊಡುವ ಕಾರ್ಬಮಜೆಪೈನ್, ಫೆನಿಟೋಯಿನ್, ಫಿನೊಬಾರ್ಬಿಟೋನ್, ಆಕ್ಸ್‌ಕಾರ್ಬಜೆಪೈನ್, ಟೊಪಿರಾಮೇಟ್
- ಎಚ್‌ಐವಿಗೆ ಕೊಡುವ ಎಫಾವಿರೆನ್ಜ್

ಈಗ ಮದ್ಯಕ್ಕೆ ಬರುವ ಕೊಂಡಿ ನೋಡಿ. ಕುಡಿತ ಬಿಡಿಸುವ ಚಿಕಿತ್ಸೆಯಲ್ಲಿ ನಡುಕ, ಫಿಟ್ಸ್ ತಡೆಯಲು ಕೆಲವೊಮ್ಮೆ ಕಾರ್ಬಮಜೆಪೈನ್ ಕೊಡುತ್ತಾರೆ. ಕುಡಿಯುವ ಚಪಲ ಇಳಿಸಲು ಟೊಪಿರಾಮೇಟ್ ಕೊಡುವುದೂ ಉಂಟು. ಅಂದರೆ ಕುಡಿಯುವಾಗ ಕಾಪಾಡುತ್ತಿದ್ದ ಇಂಪ್ಲಾಂಟ್, ಕುಡಿತ ಬಿಡಲು ಹೊರಟಾಗ ಕೈಕೊಡುವ ಸಾಧ್ಯತೆ ಇದೆ. ಚಿಕಿತ್ಸೆ ಕೊಡುವವರು ಮನೋರೋಗ ತಜ್ಞರು, ಇಂಪ್ಲಾಂಟ್ ಹಾಕಿದವರು ಸ್ತ್ರೀರೋಗ ತಜ್ಞರು. ನೀವು ಬಾಯಿಬಿಟ್ಟು ಹೇಳದಿದ್ದರೆ ಒಬ್ಬರ ಚೀಟಿ ಇನ್ನೊಬ್ಬರ ಕಣ್ಣಿಗೆ ಬೀಳುವುದೇ ಇಲ್ಲ. "ನನ್ನ ತೋಳಲ್ಲಿ ಗರ್ಭನಿರೋಧಕ ಇಂಪ್ಲಾಂಟ್ ಇದೆ, ಈ ಮಾತ್ರೆ ಅದಕ್ಕೆ ಅಡ್ಡ ಬರುತ್ತದೆಯೇ?" ಎಂದು ಕೇಳಿ. ಅದೇ ಉದ್ದೇಶಕ್ಕೆ ಕೊಡುವ ನಾಲ್ಟ್ರೆಕ್ಸೋನ್, ಅಕ್ಯಾಂಪ್ರೊಸೇಟ್, ಲೊರಜೆಪಾಮ್ ಈ ಕಿಣ್ವವನ್ನು ಕೆರಳಿಸುವುದಿಲ್ಲ. ಹಾಗಾಗಿ ಬದಲಿ ಮಾತ್ರೆ ಸಿಗುವ ಸಾಧ್ಯತೆ ಇದ್ದೇ ಇದೆ. ಆದರೆ ಭಯಪಟ್ಟು ಚಿಕಿತ್ಸೆಯನ್ನೇ ನಿಲ್ಲಿಸಬೇಡಿ. ಕಾಂಡೋಮ್ ಸೇರಿಸಿಕೊಳ್ಳುವುದು ಸುಲಭ.

ಈ ಪಟ್ಟಿಯ ಔಷಧಿ ತೆಗೆದುಕೊಳ್ಳುವಷ್ಟು ದಿನ, ನಿಲ್ಲಿಸಿದ ಮೇಲೂ 28 ದಿನ ಕಾಂಡೋಮ್ ಬೇಕು. ಟಿಬಿ ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳು ನಡೆಯುವುದರಿಂದ ಕಾಪರ್-ಟಿ ಅಥವಾ ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಇಂಜೆಕ್ಷನ್ ಬಗ್ಗೆ ಕೇಳಿ, ಅವೆರಡಕ್ಕೂ ರಿಫಾಂಪಿಸಿನ್ ಕಾಟ ಇಲ್ಲ. ತುರ್ತು ಮಾತ್ರೆಯ ಶಕ್ತಿಯೂ ಈ ಔಷಧಿಗಳ ಜೊತೆ ಕುಗ್ಗುತ್ತದೆ. ಅಂಥ ಸಮಯದಲ್ಲಿ ಐದು ದಿನದೊಳಗೆ ಕಾಪರ್-ಟಿ ಹಾಕಿಸುವುದು ಹೆಚ್ಚು ಭರವಸೆಯ ದಾರಿ. ಟಿಬಿ ಔಷಧಿಗಳ ಜೊತೆ ಮದ್ಯ ಮಾತ್ರ ಖಂಡಿತ ಬೇಡ, ಲಿವರ್ ಉರಿಯೂತದ ಅಪಾಯ ಹೆಚ್ಚುತ್ತದೆ.

ಇಂಪ್ಲಾಂಟ್‌ಗೆ ಏನೂ ಮಾಡದಿದ್ದರೂ ಮದ್ಯದ ಜೊತೆ ಸೇರಿ ನಿಮಗೇ ತೊಂದರೆ ಕೊಡುವ ಮಾತ್ರೆಗಳೂ ಇವೆ. ತೋಳು ನೋವಿಗೆ ಪ್ಯಾರಾಸಿಟಮಾಲ್ 500 ಮಿಲಿಗ್ರಾಂ ಒಳ್ಳೆಯ ಆಯ್ಕೆ, ಆದರೆ ದಿನವೂ ಕುಡಿಯುವವರು ದಿನಕ್ಕೆ ನಾಲ್ಕು ಮಾತ್ರೆ, ಅಂದರೆ 2 ಗ್ರಾಂ, ದಾಟದಿರುವುದು ಕ್ಷೇಮ. ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಮಾತ್ರೆಗಳ ಮೇಲೆ ಮದ್ಯ ಬಿದ್ದರೆ ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಒಸರಬಹುದು. ಬಿಳುಪು ಹೋಗುವುದಕ್ಕೆ ಮೆಟ್ರೊನಿಡಜೋಲ್ ಅಥವಾ ಟಿನಿಡಜೋಲ್ ಬರೆದುಕೊಟ್ಟಿದ್ದರೆ ಕೊನೆಯ ಮಾತ್ರೆಯ ನಂತರವೂ ಮೂರು ದಿನ ಕುಡಿಯಬೇಡಿ. ಮುಖ ಕೆಂಪೇರುವುದು, ಎದೆ ಬಡಿತ, ವಾಂತಿ ಆಗಬಹುದೆಂಬ ಎಚ್ಚರಿಕೆ ಆ ಔಷಧಿಗಳಿಗೇ ಇದೆ.

6. ರಕ್ತಸ್ರಾವ, ತಲೆನೋವು, ಮನಸ್ಸು

ಇಂಪ್ಲಾಂಟ್ ಹಾಕಿಸಿದ ಮೇಲೆ ಮುಟ್ಟು ಮೊದಲಿನ ಹಾಗಿರುವುದಿಲ್ಲ. ಸುಮಾರು ಐವರಲ್ಲಿ ಒಬ್ಬರಿಗೆ ಮುಟ್ಟು ನಿಂತೇಹೋಗುತ್ತದೆ, ಮೂವರಲ್ಲಿ ಒಬ್ಬರಿಗೆ ಅಪರೂಪವಾಗುತ್ತದೆ, ಕೆಲವರಿಗೆ ದಿನಗಟ್ಟಲೆ ಚುಕ್ಕೆ ಚುಕ್ಕೆಯಾಗಿ ಹೋಗುತ್ತಿರುತ್ತದೆ. ಕುಡಿದ ಮಾರನೇ ದಿನ ಚುಕ್ಕೆ ಕಂಡರೆ ಅದಕ್ಕೆ ಮದ್ಯವನ್ನು ದೂರುವುದು ಸಹಜ, ಆದರೆ ಕಾರಣ ಬಹುತೇಕ ಹಾರ್ಮೋನೇ. ಮುಟ್ಟು ನಿಂತಿದೆ ಎಂದು ಗಾಬರಿಯಾದರೆ ಮನೆಯಲ್ಲೇ ಮೂತ್ರಪರೀಕ್ಷೆ ಮಾಡಿಕೊಳ್ಳಿ. ಪರೀಕ್ಷೆಯಲ್ಲಿ ಗರ್ಭ ಕಂಡುಬಂದರೆ ಅಂದಿನಿಂದಲೇ ಮದ್ಯ ಬಿಟ್ಟು ಡಾಕ್ಟರನ್ನು ಕಾಣಿ. ಇಂಪ್ಲಾಂಟ್ ಇದ್ದೂ ಗರ್ಭ ನಿಲ್ಲುವುದು ಸಾವಿರದಲ್ಲಿ ಒಬ್ಬರಿಗೆ ಎನ್ನುವಷ್ಟು ಅಪರೂಪ. ನಿಂತರೆ ಗರ್ಭಕೋಶದ ಹೊರಗೆ ನಿಂತಿದೆಯೇ ಎಂದು ನೋಡಲೇಬೇಕು.

ತಲೆನೋವು ಇಂಪ್ಲಾಂಟ್‌ನ ತೀರಾ ಸಾಮಾನ್ಯ ಅಡ್ಡಪರಿಣಾಮ, ಕುಡಿದ ಮರುದಿನದ ತಲೆನೋವು ಅದರ ಮೇಲೆ ಸವಾರಿ ಮಾಡುತ್ತದೆ. ತೂಕದ ವಿಷಯದಲ್ಲೂ ಹೀಗೆಯೇ. "ಇಂಪ್ಲಾಂಟ್‌ನಿಂದ ದಪ್ಪಗಾದೆ" ಎಂದು ತೆಗೆಸಲು ಬರುವ ಮೊದಲು ಮದ್ಯದ ಪ್ರತಿ ಗ್ರಾಂಗೆ 7 ಕ್ಯಾಲೊರಿ ಎಂದು ಲೆಕ್ಕ ಹಾಕಿ. ಒಂದು ಕ್ವಾರ್ಟರ್‌ಗೇ 420 ಆಯಿತು, ಸೋಡಾ ಬದಲು ಕೋಲಾ ಬೆರೆಸಿದ್ದರೆ ಸಕ್ಕರೆ ಬೇರೆ.

ಮನಸ್ಸಿನದು ಹೆಚ್ಚು ಮುಖ್ಯ. ಕೆಲವರಿಗೆ ಇಂಪ್ಲಾಂಟ್ ನಂತರ ಮಂಕು ಕವಿಯುತ್ತದೆ, ಸಿಡಿಮಿಡಿ ಹೆಚ್ಚುತ್ತದೆ. ಮದ್ಯ ಆ ಹೊತ್ತಿಗೆ ಹಗುರ ಮಾಡಿದಂತೆ ಮಾಡಿ ಮಾರನೇ ದಿನ ಇನ್ನಷ್ಟು ಕೆಳಗೆ ತಳ್ಳುತ್ತದೆ. ಯಾವುದರಿಂದ ಎಂದು ತಿಳಿಯಬೇಕಾದರೆ ಡೈರಿಯಲ್ಲಿ ಎರಡು ತಿಂಗಳು ದಿನಕ್ಕೊಂದು ಸಾಲು ಬರೆಯಿರಿ: ಎಷ್ಟು ಕುಡಿದೆ, ಎಷ್ಟು ನಿದ್ದೆ, ಮನಸ್ಸು ಹೇಗಿತ್ತು. ಬದುಕೇ ಬೇಡ ಎನ್ನಿಸಿದರೆ ಡೈರಿಗೆ ಕಾಯಬೇಡಿ. ಟೆಲಿ-ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಕುಡಿತ ಬಿಡಲು ಸಹಾಯ ಬೇಕಿದ್ದರೆ 14446.

7. ಕುಡಿಯುವ ರಾತ್ರಿ

ಇಂಪ್ಲಾಂಟ್ ಗರ್ಭ ತಡೆಯುತ್ತದೆ, ಎಚ್‌ಐವಿ, ಸಿಫಿಲಿಸ್, ಗೊನೊರಿಯಾ ತಡೆಯುವುದಿಲ್ಲ. ಹೊಸ ಸಂಗಾತಿಯಾದರೆ ಕಾಂಡೋಮ್ ಬೇಕೇ ಬೇಕು. ಅಮಲಿನ ಕೈಯಲ್ಲಿ ಆಗುವ ತಪ್ಪುಗಳು ಗೊತ್ತಿದ್ದವೇ: ಹಲ್ಲಿನಿಂದ ಪೊಟ್ಟಣ ಕಚ್ಚಿ ಹರಿಯುವಾಗ ಒಳಗಿನದೂ ಹರಿಯುವುದು, ಉಲ್ಟಾ ಹಾಕಿ ಮತ್ತೆ ಅದನ್ನೇ ತಿರುಗಿಸಿ ಹಾಕುವುದು, ತುದಿಯ ಗಾಳಿ ತೆಗೆಯದಿರುವುದು. ಉಲ್ಟಾ ಹಾಕಿದ್ದನ್ನು ಎಸೆದು ಹೊಸದು ತೆಗೆಯಬೇಕು. ಕುಡಿದಿದ್ದೀರಿ ಎಂಬುದು ಒಪ್ಪಿಗೆಯಲ್ಲ, ಇಂಪ್ಲಾಂಟ್ ಇದೆ ಎಂಬುದೂ ಒಪ್ಪಿಗೆಯಲ್ಲ.

ಹಾಲೂಡಿಸುವ ತಾಯಂದಿರು ಇಂಪ್ಲಾಂಟ್ ಹಾಕಿಸಬಹುದು, ಹಾಲಿಗೆ ಸೇರುವ ಹಾರ್ಮೋನ್ ಅತ್ಯಲ್ಪ. ಮದ್ಯ ಮಾತ್ರ ರಕ್ತದಲ್ಲಿರುವಷ್ಟೇ ಪ್ರಮಾಣದಲ್ಲಿ ಹಾಲಿಗೂ ಬರುತ್ತದೆ. ಕುಡಿಯದಿರುವುದೇ ಒಳ್ಳೆಯದು. ಕುಡಿದರೆ ಒಂದು ಪೆಗ್‌ಗೆ ಕನಿಷ್ಠ ಎರಡು ಗಂಟೆ ಬಿಟ್ಟು ಹಾಲು ಕೊಡಿ. ಹಾಲು ಹಿಂಡಿ ಚೆಲ್ಲಿದರೆ ಮದ್ಯ ಬೇಗ ಹೋಗುತ್ತದೆ ಎಂಬುದು ಸುಳ್ಳು, ರಕ್ತದಿಂದ ಇಳಿದಂತೆಯೇ ಹಾಲಿನಿಂದಲೂ ಇಳಿಯುತ್ತದೆ. ಕುಡಿದಾಗ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಬೇಡಿ.

8. ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದದ್ದು ಯಾವಾಗ

- ಕಣ್ಣು, ಮೈ ಹಳದಿಯಾಗುವುದು, ಮೂತ್ರ ಕಡು ಟೀ ಬಣ್ಣಕ್ಕೆ ತಿರುಗುವುದು, ಬಲಪಕ್ಕೆಲುಬಿನ ಕೆಳಗೆ ನೋವು, ಹೊಟ್ಟೆ ಊದುವುದು
- ಕಪ್ಪಗೆ ಡಾಂಬರಿನಂಥ ಮಲ, ರಕ್ತದ ವಾಂತಿ
- ಕೆಳಹೊಟ್ಟೆಯ ಒಂದು ಬದಿಗೆ ತೀವ್ರ ನೋವು, ಜೊತೆಗೆ ತಲೆಸುತ್ತು
- ತೋಳು ಕೆಂಪಾಗಿ ಬಿಸಿಯೇರಿ ಕೀವು ಬರುವುದು, ಅಥವಾ ಕೈ ಜೋಮು ಹಿಡಿದು ಬಿಡದಿರುವುದು
- ಒಂದು ಕಾಲು ಮಾತ್ರ ಊದಿ ನೋಯುವುದು, ಏಕಾಏಕಿ ಉಸಿರು ಕಟ್ಟುವುದು

ಕುಡಿದವರನ್ನು ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾಗಿದ್ದರೆ ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ. ಮಜ್ಜಿಗೆ, ನಿಂಬೆರಸ, ಕಾಫಿ ಯಾವುದನ್ನೂ ಬಾಯಿಗೆ ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ.

9. ತೆಗೆಸುವ ದಿನ

ಹಾಕಿಸಿದಾಗ ಕೊಡುವ ಕಾರ್ಡಿನಲ್ಲಿ ದಿನಾಂಕ, ಯಾವ ತೋಳು, ಯಾವಾಗ ತೆಗೆಸಬೇಕು ಎಂದು ಬರೆದಿರುತ್ತದೆ. ನಮ್ಮಲ್ಲಿ ಅವಧಿ ಮೂರು ವರ್ಷ. ಕಾರ್ಡಿನ ಫೋಟೋ ಮೊಬೈಲಿನಲ್ಲಿಟ್ಟು, ಅವಧಿ ಮುಗಿಯುವ ಒಂದು ತಿಂಗಳು ಮೊದಲು ಬಡಿಯುವಂತೆ ಅಲಾರಾಂ ಹಾಕಿ. ತೆಗೆಯುವಾಗಲೂ ಮರಗಟ್ಟಿಸಿ, 2-3 ಮಿಲಿಮೀಟರ್ ಕೊಯ್ದು ಕಡ್ಡಿ ಎಳೆಯುತ್ತಾರೆ. 3ನೇ ಹಂತದ 24 ಗಂಟೆಯ ನಿಯಮ ಇಲ್ಲೂ ಅನ್ವಯ. ಅದೇ ದಿನ ಹೊಸದನ್ನು ಹಾಕಿಸಿಕೊಂಡರೆ ರಕ್ಷಣೆಗೆ ಬಿಡುವಿಲ್ಲ. ಹಾಕಿಸದಿದ್ದರೆ ಒಂದೇ ವಾರದಲ್ಲಿ ಹಾರ್ಮೋನ್ ರಕ್ತದಿಂದ ಮಾಯವಾಗುತ್ತದೆ, ಮುಂದಿನ ಮುಟ್ಟಿಗೂ ಮೊದಲೇ ಗರ್ಭ ನಿಲ್ಲಬಹುದು. ಮಗು ಬೇಕೆಂದೇ ತೆಗೆಸುತ್ತಿದ್ದರೆ ಮದ್ಯವನ್ನು ಬಿಡಬೇಕಾದದ್ದು ಆ ದಿನಕ್ಕೆ ಮೊದಲೇ, ಪರೀಕ್ಷೆಯಲ್ಲಿ ಎರಡು ಗೆರೆ ಕಂಡ ಮೇಲಲ್ಲ.